ಉಬ್ಬಿನ ಎಡಕ್ಕೊಂದು ತೂತು

ಬಂಡೆಯ ಬುಡದ ಮರಳಿನೊಳಕ್ಕೆ ಥೀಲೋ ಮಣಿಕಟ್ಟಿನವರೆಗೆ ಕೈ ತೂರಿಸಿ ಒಂದು ಹಿಡಿ ಮೇಲೆತ್ತಿದ. ಒಣಗಿತ್ತು. ಬೆರಳು ಸಡಿಲಿಸಿದ ಕೂಡಲೇ ಹಿಟ್ಟಿನ ಹಾಗೆ ಸೋರಿಹೋಯಿತು. ಗುರುವಾರ ಇಡೀ ದಿನ ಮಳೆ ಹೊಯ್ದಿತ್ತು, ಶುಕ್ರವಾರವೂ ಮೋಡವಿತ್ತು, ಇಷ್ಟಾದ ಮೇಲೂ ಭಾನುವಾರ ಬೆಳಿಗ್ಗೆ ಈ ಮರಳಿಗೆ ಹೀಗೆ ಒಣಗಿ ಕೂರುವ ದರ್ದು ಏನಿತ್ತು ಎಂದು ಅವನಿಗೆ ಸಿಟ್ಟು ಬಂತು. ಒದ್ದೆಯಾದ ಮರಳುಗಲ್ಲನ್ನು ಹತ್ತಬಾರದೆಂಬುದು ಎಲ್ಬೆ ಹೊಳೆಯ ಈ ದಂಡೆಯಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ನೀರು ಕುಡಿದ ಕಲ್ಲು ಹಿಡಿದ ಕೈಯಲ್ಲೇ ಮುರಿದು ಬರುತ್ತದೆ. ಒದ್ದೆಯಿದೆ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಇಬ್ಬರೂ ಚೀಲ ಹೆಗಲಿಗೇರಿಸಿ ಹೊಳೆ ದಾಟಿ ಆಚೆ ದಡದಲ್ಲಿ ಕಾಫಿ ಕುಡಿಯುತ್ತ ಕೂತಿರಬಹುದಿತ್ತು. ಇಲ್ಕಾ ತಾನೂ ಕೈ ಹಾಕಿ ನೋಡುವವಳಲ್ಲ. ಥೀಲೋ ಮಾಮ ಹೇಳಿದನೆಂದರೆ ಅವಳಿಗೆ ಮುಗಿಯಿತು. ಆದರೆ ಅವನ ಬಾಯಿ ಒಣಗಿದೆ ಎಂದುಬಿಟ್ಟಿತು. ಮೂವತ್ತೊಂದು ವರ್ಷದಿಂದ ಡ್ರೆಸ್ಡೆನ್ನಿನ ಟ್ರಾಮ್ ಶೆಡ್ಡಿನಲ್ಲಿ ಬ್ರೇಕು ಪರೀಕ್ಷಿಸಿ ಸಹಿ ಹಾಕುವ ಕೆಲಸ ಅವನದು. ನೋಡದೆ ಒಂದು ಸಹಿ ಹಾಕಿದವನಲ್ಲ. ಎಲ್ಲಿ ಒಂದು ಸುಳ್ಳು ಹೇಳಿದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತೋ ಅಲ್ಲಿ ನಿಜ ಬರುತ್ತದೆ, ದರಿದ್ರ ಬಾಯಿ, ಎಂದು ತನ್ನನ್ನೇ ಬೈದುಕೊಂಡ.

ಇಲ್ಕಾ ಸೇಬು ಕಚ್ಚುತ್ತ, ಸೊಂಟ ಮುಂದೆ ಚಾಚಿ ನಿಂತಿದ್ದಳು. ಹತ್ತುವ ಮೊದಲು ಒಬ್ಬರ ಗಂಟನ್ನು ಇನ್ನೊಬ್ಬರು ಎಳೆದು ನೋಡಬೇಕು. ಇದು ಇಲ್ಲಿಯ ಪದ್ಧತಿ, ಗಂಡಹೆಂಡತಿ ಮಾತು ಬಿಟ್ಟಿದ್ದರೂ ಇದನ್ನು ಬಿಡುವುದಿಲ್ಲ. ಥೀಲೋ ಅವಳ ಸೊಂಟದ ಹಗ್ಗದ ಗಂಟನ್ನು ಎರಡು ಸಲ ಎಳೆದ. ಅವಳು ಕೆಳಗೆ ನೋಡಲೂ ಇಲ್ಲ, ಸೇಬಿನ ಬೀಜ ಉಗುಳಿ, ಅವನ ಗಂಟನ್ನು ಎಡಗೈಯಲ್ಲಿ ಎಳೆದು ಸರಿಯಿದೆ ಎಂದಳು. ಇಪ್ಪತ್ತಾರರ ಹುಡುಗಿ, ಶಾಂಡೌದಲ್ಲಿ ಹೊಳೆ ದಾಟಿಸುವ ದೋಣಿ ನಡೆಸುತ್ತಾಳೆ, ಗಾಳಿಗೆ ಸೀಳಿದ ತುಟಿ, ಅಗಲವಾದ ಹೆಗಲು. ಆ ಹೆಗಲು ಅವಳಪ್ಪ ಫಾಲ್ಕನದು. ಫಾಲ್ಕ್ ಹೋಗಿ ಮೂರು ವರ್ಷವಾಯಿತು, ಬಂಡೆಯಿಂದ ಬಿದ್ದಲ್ಲ, ಆಸ್ಪತ್ರೆಯ ಮಂಚದ ಮೇಲೆ, ಹೊಟ್ಟೆಯ ಕ್ಯಾನ್ಸರಿನಿಂದ. ಈಗ ಮಗಳಿಗೆ ಅಪ್ಪನಿದ್ದ, ಬಂಡೆ ಹತ್ತುವವರ ಕಾಡುಗುಬ್ಬಿ ಕೂಟಕ್ಕೆ ಸೇರುವ ಹಂಬಲ. ಸೇರಬೇಕಾದರೆ ಕೂಟದ ಒಬ್ಬ ಸದಸ್ಯನ ಕಣ್ಣೆದುರು ಮೂರು ಹಳೆಯ ದಾರಿಗಳನ್ನು ತಾನೇ ಮುಂದಾಗಿ ಹತ್ತಬೇಕು, ಮೇಲಿನಿಂದ ಹಗ್ಗದ ಸಹಾಯವಿಲ್ಲದೆ. ಎರಡು ಮುಗಿದಿದ್ದವು. ಮೂರನೆಯದು ಈ ಕುಂಟ ದರ್ಜಿಯ ಉತ್ತರದ ಸೀಳು. ಅಕ್ಟೋಬರಿನ ಸಭೆಯಲ್ಲಿ ಥೀಲೋ ಎದ್ದು ನಿಂತು ನಾನು ನೋಡಿದೆ ಎನ್ನಬೇಕು. ಎರಡೇ ಮಾತು. ಅಷ್ಟಕ್ಕೆ ಅವಳ ಟೋಪಿಗೆ ಕೂಟದ ಗುರುತಾದ ತಗಡಿನ ಗುಬ್ಬಿ ಬರುತ್ತದೆ.

ಕುಂಟ ದರ್ಜಿ ಎಂದರೆ ಕಾಡಿನ ನಡುವೆ ಒಂಟಿಯಾಗಿ ನಿಂತ ಇಪ್ಪತ್ತೆರಡು ಮೀಟರಿನ ಮರಳುಗಲ್ಲಿನ ಕಂಬ, ಒಂದು ಕಡೆ ವಾಲಿಕೊಂಡಿದೆ. ಉತ್ತರದ ಸೀಳು ಆರನೇ ದರ್ಜೆಯದು, ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅಜ್ಜಂದಿರು ಬರಿಗಾಲಲ್ಲಿ ಹತ್ತಿ ಹೋದದ್ದು. ಆದರೆ ಈ ಸೀಮೆಯ ಕಲ್ಲಿಗೆ ಕಬ್ಬಿಣ ತಾಗಿಸುವ ಹಾಗಿಲ್ಲ. ಹುರಿಗೆ ಗಂಟು ಹಾಕಿ, ಆ ಗಂಟನ್ನು ಸೀಳಿನಲ್ಲಿ ಬಿಗಿಯಾಗಿ ಸಿಕ್ಕಿಸಿ, ಅದಕ್ಕೆ ಹಗ್ಗ ತಗುಲಿಸಿಕೊಂಡು ಹತ್ತಬೇಕು. ಕೆಳಗಿನ ಎಂಟು ಮೀಟರು ಸೀಳು ಕಿರಿದಾಗಿದೆ, ಗಂಟು ಕೂರುತ್ತದೆ. ಅಲ್ಲಿಂದ ಮೇಲೆ ಹೆಗಲಗಲಕ್ಕೆ ಬಾಯಿ ಬಿಡುತ್ತದೆ. ಯಾವ ಗಂಟು ಹಾಕಿದರೂ ಜಾರಿ ಕೆಳಗೆ ಬೀಳುತ್ತದೆ. ಅಲ್ಲಿ ಸಿಕ್ಕಿಕೊಳ್ಳುವುದು ಹತ್ತುವವನ ಮೈ ಮಾತ್ರ. ಹದಿನಾಲ್ಕನೇ ಮೀಟರಿನಲ್ಲಿ ಕಲ್ಲು ಹೊಟ್ಟೆಯುಬ್ಬಿಸಿಕೊಂಡು ದಾರಿಗಡ್ಡ ಬರುತ್ತದೆ. ಆ ಉಬ್ಬಿನ ಎಡಕ್ಕೆ ಒಂದು ತೂತಿದೆ, ಕಲ್ಲಿನೊಳಗೆ ಆರಪಾರ, ಹುರಿ ತೂರಿಸಿ ಕಟ್ಟಿದರೆ ಎತ್ತು ಜಗ್ಗಿದರೂ ಅಲುಗುವುದಿಲ್ಲ. ಇದು ಥೀಲೋ ಹೇಳಿದ ಮಾತು. ಇಪ್ಪತ್ತೊಂದು ವರ್ಷದಿಂದ ಹೇಳುತ್ತ ಬಂದ ಮಾತು. ಆ ತೂತನ್ನು ಅವನು ನೋಡಿಯೇ ಇರಲಿಲ್ಲ. ಇದೆಯೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದುಕೊಳ್ಳುವುದೂ ಒಂದು ಜಾಣತನವೇ. ಇಲ್ಲವೆಂದು ಗೊತ್ತಿತ್ತು, ಏಕೆಂದರೆ ಅದು ಹುಟ್ಟಿದ್ದು ಹೋಟೆಲಿನ ಮೇಜಿನ ಮೇಲೆ.

ಉಬ್ಬಿನ ಎಡಕ್ಕೆ ತಾನೆ, ತೋಳಿನಷ್ಟು ದಪ್ಪ ಕಲ್ಲು ತಾನೆ, ಎಂದು ಇಲ್ಕಾ ಕೇಳಿದಳು. ಆ ತೂತಿಗೆಂದೇ ಉದ್ದನೆಯ ಹಸಿರು ಹುರಿಯೊಂದನ್ನು ಉಳಿದೆಲ್ಲದರ ಮೇಲೆ ಹೆಗಲಿಗೆ ಅಡ್ಡ ಹಾಕಿಕೊಂಡಿದ್ದಳು, ಕೈಗೆ ತಕ್ಷಣ ಸಿಗಲೆಂದು. ಥೀಲೋ ಹ್ಞೂಂ ಎಂದ. ಬೆಳಿಗ್ಗೆ ದೋಣಿಯಲ್ಲೇ ಹೇಳಬೇಕೆಂದು ಹೊರಟಿದ್ದ. ಹೊಳೆಯ ನಡುವೆ ಅವಳು ಕೊಬ್ಬು ಸವರಿದ ರೊಟ್ಟಿಯನ್ನೂ ಉಪ್ಪುಸೌತೆಯನ್ನೂ ಮುಂದೆ ಹಿಡಿದಳು, ಬಾಯಿ ತುಂಬಿತ್ತು. ಕಾಡಿನ ಏರಿನಲ್ಲಿ ಹೇಳಬೇಕೆಂದುಕೊಂಡ, ಉಸಿರು ಸಾಲಲಿಲ್ಲ. ಬುಡಕ್ಕೆ ಬಂದ ಮೇಲೆ ಮರಳಿನ ಮೇಲೆ ಭಾರ ಹಾಕಿದ. ಈಗ ಹ್ಞೂಂ. ಅವಳು ಬೂಟಿನ ಅಡಿಯನ್ನು ಪ್ಯಾಂಟಿಗೆ ಉಜ್ಜಿಕೊಂಡು ಸೀಳಿಗೆ ಕೈ ಹಾಕಿದಳು.

ಮೊದಲ ಗಂಟು ಐದು ಮೀಟರಿನಲ್ಲಿ. ನಾಲ್ಕೈದು ಸಲ ತಿರುಗಿಸಿ, ಮರದ ಚೂಪುಕಡ್ಡಿಯಲ್ಲಿ ಒಳಗೆ ಅದುಮಿ, ಕೆಳಕ್ಕೆ ಜಗ್ಗಿ ನೋಡಿದಳು. ಚೊಕ್ಕ ಕೆಲಸ. ಯಾರು ಕಲಿಸಿದ್ದು ಅಂದರೆ ಥೀಲೋನೇ, ಫಾಲ್ಕ್ ಮಂಚ ಹಿಡಿದ ಮೇಲೆ. ಥೀಲೋನ ಕೈ ಹಗ್ಗವನ್ನು ಅಳೆದು ಅಳೆದು ಬಿಡುತ್ತಿತ್ತು, ಆ ಕೈಗೆ ತಲೆಯ ಗೊಡವೆಯಿರಲಿಲ್ಲ. ತಲೆ ಲೆಕ್ಕ ಹಾಕುತ್ತಿತ್ತು. ಹದಿನಾಲ್ಕರಿಂದ ಬಿದ್ದರೆ ಎಂಟರ ಗಂಟಿಗೆ ಬರಲು ಆರು, ಅದರ ಕೆಳಕ್ಕೆ ಇನ್ನಾರು, ಉಳಿದದ್ದು ಎರಡು ಮೀಟರು. ಹಗ್ಗ ಹಿಗ್ಗುವುದು ಎರಡಕ್ಕಿಂತ ಹೆಚ್ಚು. ಅಂದರೆ ನೆಲ. ಉಬ್ಬಿನ ಮೇಲೆ ಹೋಗಿ ಬಿದ್ದರೆ ಲೆಕ್ಕವೇ ಬೇಡ. ಶೆಡ್ಡಿನಲ್ಲಿ ಇಂಥ ಅಂಕೆ ಬಂದರೆ ಆ ಗಾಡಿಯನ್ನು ಅವನು ಗೇಟು ದಾಟಲು ಬಿಡುತ್ತಿರಲಿಲ್ಲ, ಮೇಲಧಿಕಾರಿ ಬಂದು ಕುಣಿದರೂ ಬಿಡುತ್ತಿರಲಿಲ್ಲ. ಈಗ ಗೇಟಿನಲ್ಲಿ ನಿಂತು ಅವನೇ ಹಗ್ಗ ಬಿಡುತ್ತಿದ್ದ.

ಅವತ್ತು ಈ ಜಾಗದಲ್ಲಿ ನಿಂತು ಹಗ್ಗ ಬಿಡುತ್ತಿದ್ದವನು ಫಾಲ್ಕ್. ತೊಂಬತ್ತೊಂದನೇ ಇಸವಿ, ಹೀಗೇ ಜೂನ್ ತಿಂಗಳು. ಫಾಲ್ಕ್ ಆಗಲೇ ಕೂಟದವನು, ಸಾಕ್ಷಿ. ಮೇಲೆ ಹೋದವನು ಮೂವತ್ತೆರಡು ವರ್ಷದ ಥೀಲೋ. ಉಬ್ಬಿನ ಕೆಳಗೆ ಎಡ ಹೆಗಲು ಸೀಳಿನೊಳಗೆ, ಬಲಗಾಲು ಹೊರಗೆ, ಮೇಲೆ ಹೋಗಲಾರ, ಕೆಳಗೆ ಬರಲಾರ. ಮೊದಲು ಮೊಣಕಾಲು ನಡುಗಿತು, ಆಮೇಲೆ ಹಲ್ಲು. ಕಲ್ಲಿಗೆ ಕೆನ್ನೆ ಒತ್ತಿಕೊಂಡು ಅಮ್ಮಾ ಎಂದು ಅತ್ತಿದ್ದ. ಅವನಮ್ಮನಿಗೆ ಅವನು ಹದಿನೈದು ದಿನದಿಂದ ಒಂದು ಫೋನೂ ಮಾಡಿರಲಿಲ್ಲ. ಆಮೇಲೆ ತೊಡೆಯ ಒಳಗೆ ಬೆಚ್ಚಗಾಯಿತು. ಆ ಬಿಸಿ ಇಳಿದು ಕಾಲುಚೀಲಕ್ಕೆ ಸೇರಿದ್ದು ಇವತ್ತಿಗೂ, ಟ್ರಾಮಿನಲ್ಲಿ ಕೂತಾಗ, ಊಟದ ನಡುವೆ, ಏನೂ ಕಾರಣವಿಲ್ಲದೆ ನೆನಪಾಗುತ್ತದೆ. ಫಾಲ್ಕ್ ಹಗ್ಗವನ್ನು ಪೈನ್ ಮರಕ್ಕೆ ಬಿಗಿದು, ಹಿಂಬದಿಯ ಸುಲಭದ ದಾರಿಯಲ್ಲಿ ಒಬ್ಬನೇ ಮೇಲೇರಿ, ಅಲ್ಲಿಂದ ಇನ್ನೊಂದು ಹಗ್ಗದ ಕುಣಿಕೆ ಇಳಿಬಿಟ್ಟ. ಹಿಟ್ಟಿನ ಮೂಟೆ ಎಳೆದ ಹಾಗೆ ಎಳೆದುಕೊಂಡ. ಮೇಲೆ ಬಂದಾಗ ಇವನ ಪ್ಯಾಂಟು ನೋಡಿದ, ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಅಷ್ಟೂ ಚಹಾವನ್ನು ಥೀಲೋನ ತೊಡೆಯ ಮೇಲೆ ಸುರಿದ. ಸಾಯಂಕಾಲ ಹೋಟೆಲಿನಲ್ಲಿ ಯಾರೋ ಕೇಳಿದ್ದಕ್ಕೆ ನನ್ನ ಕೈ ಜಾರಿ ಚಹಾ ಚೆಲ್ಲಿತು ಎಂದ. ಅದಕ್ಕೂ ಮೊದಲು, ಬಂಡೆಯ ನೆತ್ತಿಯಲ್ಲಿ, ಹತ್ತಿದವರು ಹೆಸರು ಬರೆಯಲೆಂದು ಇಟ್ಟಿರುವ ಪುಸ್ತಕವನ್ನು ಡಬ್ಬಿಯಿಂದ ತೆಗೆದು, ಪೆನ್ಸಿಲನ್ನು ಇವನ ಕೈಗೆ ಕೊಟ್ಟು, ಹೊಳೆಯ ಕಡೆ ಮುಖ ತಿರುಗಿಸಿ ಕೂತ. ಇವನು ತನ್ನ ಹೆಸರನ್ನು ಮುಂದಾಗಿ ಹತ್ತಿದವನ ಸಾಲಿನಲ್ಲಿ ಬರೆದ. ಫಾಲ್ಕ್ ಕೆಳಗೆ ಸಹಿ ಹಾಕಿದ. ಅಕ್ಟೋಬರಿನಲ್ಲಿ ಎದ್ದು ನಿಂತು ನಾನು ನೋಡಿದೆ ಎಂದ.

ಎರಡನೇ ಗಂಟು ಎಂಟು ಮೀಟರಿನಲ್ಲಿ ಕೂತಿತು. ಇಲ್ಕಾ ಅದನ್ನು ಮುಷ್ಟಿಯಿಂದ ಗುದ್ದಿ, ಒಂದು ಕ್ಷಣ ನಿಂತು, ಕೈ ಕೊಡವಿ ಮೇಲೆ ನೋಡಿದಳು. ಇಲ್ಲಿಯವರೆಗೆ ಅವಳು ಇಳಿದು ಬರಬಹುದಿತ್ತು. ಇನ್ನೆರಡು ಮೀಟರು ಹೋದರೆ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಹೇಳುವುದಾದರೆ ಈಗ. ಥೀಲೋ ಗಂಟಲು ಸರಿಮಾಡಿಕೊಂಡು ಇಲ್ಕಾ ಎಂದು ಕೂಗಿದ. ಏನು ಎಂದು ಮೇಲಿನಿಂದ ಬಂತು. ಆಗ ಹಿಂದಿನಿಂದ ಯಾರೋ ನಮಸ್ಕಾರ ಎಂದರು. ಒಂದೇ ಬಣ್ಣದ ಜಾಕೀಟು ತೊಟ್ಟ ಗಂಡಹೆಂಡತಿ, ಕೈಯಲ್ಲಿ ನಡಿಗೆಕೋಲು, ಮಾತಿನಲ್ಲಿ ಲೈಪ್‌ಜಿಗ್‌ನ ಎಳೆತ. ಇದು ನಿಜವಾಗಿಯೂ ತಡೆಯುತ್ತದೆಯೇ, ಈ ಹಗ್ಗದ ಗಂಟು, ಎಂದು ಗಂಡಸು ಕೇಳಿದ. ತಡೆಯುತ್ತದೆ ಎಂದ ಥೀಲೋ. ಕಬ್ಬಿಣ ಯಾಕೆ ಹಾಕಬಾರದು? ಕಲ್ಲು ಹಾಳಾಗುತ್ತದೆ. ಎಷ್ಟು ವರ್ಷದಿಂದ ಹೀಗೆ? ನೂರು ವರ್ಷದಿಂದ. ಹೆಂಗಸು ಮೇಲೆ ನೋಡಿ, ನಿಮ್ಮ ಮಗಳೇ ಎಂದು ಕೇಳಿದಳು. ಅಲ್ಲ, ಗೆಳೆಯನ ಮಗಳು. ಅವರಿಗೆ ಭಯವಾಗುವುದಿಲ್ಲವೇ, ಅವರ ತಂದೆಗೆ? ಥೀಲೋ ಅದಕ್ಕೂ ಉತ್ತರ ಕೊಟ್ಟ, ಬೇಕಾದ್ದಕ್ಕಿಂತ ಉದ್ದವಾಗಿಯೇ ಕೊಟ್ಟ. ಫಾಲ್ಕ್ ಬೇಕರಿ ನಡೆಸುತ್ತಿದ್ದದ್ದು, ಅವನ ಚೀಸ್ ಕೇಕಿಗೆ ಪಿರ್ನಾದಿಂದ ಜನ ಬರುತ್ತಿದ್ದದ್ದು, ಯಾವುದನ್ನೂ ಬಿಡಲಿಲ್ಲ. ಮಾತಾಡುತ್ತಿರುವಾಗಲೇ ಹಗ್ಗ ಅವನ ಬೆರಳುಗಳ ನಡುವಿನಿಂದ ಒಂದು ಮಾರು ಹೋಯಿತು, ಇನ್ನೊಂದು ಮಾರು ಹೋಯಿತು. ಹೋಗುತ್ತಿದೆಯೆಂದು ಅವನಿಗೆ ಗೊತ್ತಿತ್ತು. ಆ ಲೈಪ್‌ಜಿಗ್‌ನವರನ್ನು ಅವನೇ ಹಿಡಿದು ನಿಲ್ಲಿಸಿಕೊಂಡಿದ್ದ. ಅವರು ಶುಭವಾಗಲಿ ಎಂದು ಕೋಲು ಊರುತ್ತ ಹೋದಾಗ ಇಲ್ಕಾಳ ಎಡ ಹೆಗಲು ಸೀಳಿನೊಳಗೆ ಹೋಗಿತ್ತು.

"ಏನೋ ಅಂದ್ಯಲ್ಲ ಮಾಮ?"

"ಏನಿಲ್ಲ. ನಿಧಾನ."

ಅಗಲದ ಸೀಳಿನಲ್ಲಿ ನೋಡಲು ಚಂದವೆನ್ನುವುದು ಏನೂ ಇರುವುದಿಲ್ಲ. ಅರ್ಧ ಮೈ ಕಲ್ಲಿನೊಳಗೆ, ಅರ್ಧ ಹೊರಗೆ. ಒಳಗಿನ ಕೈ ಮಡಚಿ ಮೊಣಕೈ ಒಂದು ಗೋಡೆಗೆ, ಅಂಗೈ ಇನ್ನೊಂದಕ್ಕೆ ಒತ್ತಿ ಹಿಡಿಯಬೇಕು. ಹಿಮ್ಮಡಿ ಒಂದು ಕಡೆ, ತುದಿಬೆರಳು ಇನ್ನೊಂದು ಕಡೆ. ಒಂದು ಗೇಣು ಮೇಲೇರಲು ಇಡೀ ಮೈ ಉಜ್ಜಬೇಕು, ಏರಿದ ಗೇಣಿನಲ್ಲಿ ಅರ್ಧ ಜಾರಿ ವಾಪಸು ಬರುತ್ತದೆ. ಇಲ್ಕಾಳ ಉಸಿರು ಕೆಳಗಿನವರೆಗೆ ಕೇಳಿಸುತ್ತಿತ್ತು. ಹಸಿರು ಹುರಿ ಅವಳ ಬೆನ್ನಿನ ಮೇಲೆ ತೂಗುತ್ತಿತ್ತು. ಮರಳಿನ ಕಾಳು ಥೀಲೋನ ಕೊರಳಪಟ್ಟಿಯೊಳಗೆ ಬಿತ್ತು. ಕೂಟದವರೆಲ್ಲ ಸೇರುವ ಆ ಹೋಟೆಲಿನಲ್ಲಿ, ತೊಂಬತ್ತನಾಲ್ಕರ ಚಳಿಗಾಲ, ಹಾರ್ಟ್‌ವಿಗ್ ಎಂಬವನು ಬಿಯರಿನ ಲೋಟ ಕೆಳಗಿಟ್ಟು ಕೇಳಿದ್ದ: ಎಂಟು ಮೀಟರಿನಿಂದ ತುದಿಯವರೆಗೆ ಏನೂ ಹಾಕದೆ ಹೋದೆಯಾ, ನೀನು? ಆ ನೀನು ಎನ್ನುವುದನ್ನು ಅವನು ಹೇಳಿದ ರೀತಿ. ಮೇಜಿನ ಸುತ್ತ ಹತ್ತು ಮುಖ. ಥೀಲೋನ ಕಿವಿ ಬಿಸಿಯಾಗಿ, ಏನೂ ಇಲ್ಲದೆ ಯಾಕೆ ಹೋಗಲಿ, ಉಬ್ಬಿನ ಎಡಕ್ಕೆ ಒಂದು ತೂತಿದೆಯಲ್ಲ, ಆರಪಾರ, ತೋಳಿನಷ್ಟು ದಪ್ಪ ಕಲ್ಲು, ನಿಮಗೆ ಯಾರಿಗೂ ಕಾಣಲಿಲ್ಲವೇ ಎಂದುಬಿಟ್ಟ. ಹೌದಾ ಎಂದರು. ಹಾರ್ಟ್‌ವಿಗ್ ಬಾಯಿ ಮುಚ್ಚಿದ. ಫಾಲ್ಕ್ ತನ್ನ ಲೋಟದ ನೊರೆ ನೋಡುತ್ತ, ತೋಳಿನಷ್ಟು ದಪ್ಪ, ಎಂದು ಮೆಲ್ಲಗೆ ಪುನರುಚ್ಚರಿಸಿದ. ಅಷ್ಟೆ. ಬೆಂಚಿನ ಮೇಲೆ ಕಾಲಾಡಿಸುತ್ತ ಸೇಬಿನ ರಸ ಕುಡಿಯುತ್ತಿದ್ದ ಐದು ವರ್ಷದ ಇಲ್ಕಾ, ತೂತಿನೊಳಗೆ ಹಕ್ಕಿ ಇತ್ತಾ ಎಂದು ಕೇಳಿದಳು. ಇತ್ತು ಎಂದ ಥೀಲೋ, ಪುಟ್ಟ ಗೂಡಿತ್ತು, ಗೂಡಿಗೆ ನೋವಾಗದ ಹಾಗೆ ಹುರಿ ಕಟ್ಟಿದೆ. ಎಲ್ಲರೂ ನಕ್ಕರು. ಅಂದಿನಿಂದ ಪ್ರತಿ ಚಳಿಗಾಲ ಫಾಲ್ಕ್ ತಾನಾಗಿ ಥೀಲೋ, ಆ ತೂತಿನ ಕತೆ ಹೇಳು ಎನ್ನುತ್ತಿದ್ದ. ಹೇಳಿಸಿಕೊಂಡು ತಲೆಯಾಡಿಸುತ್ತಿದ್ದ. ಅದು ಹಂಗಿಸುವುದೋ, ಕ್ಷಮಿಸುವುದೋ, ಇಲ್ಲ ಹೇಳಿ ಹೇಳಿ ಸಾಕಾಗಿ ಒಂದು ದಿನ ಇವನೇ ನಿಜ ಕಕ್ಕಲಿ ಎಂದು ಕಾಯುವುದೋ, ಥೀಲೋಗೆ ಕೊನೆಗೂ ತಿಳಿಯಲಿಲ್ಲ. ಆಸ್ಪತ್ರೆಯಲ್ಲೂ ಒಮ್ಮೆ ಕೇಳಿದ್ದ. ಥೀಲೋ ಆಗಲೂ ಹಕ್ಕಿಗೂಡು ಬಿಡದೆ ಹೇಳಿದ್ದ, ಥೂ.

ಅವಳ ತಲೆ ಉಬ್ಬಿನ ಕೆಳಗೆ ಬಂತು. ಬಲಗೈ ಹೊರಬಂದು ಉಬ್ಬಿನ ಎಡಭಾಗವನ್ನು ತಡವಿತು. ಕುರುಡರ ಕೈಯ ಹಾಗೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಇರಲಿ, ದೇವರೇ, ಒಂದು ತೂತು ಇರಲಿ ಎಂದು ಅವನು ಬೇಡಿಕೊಂಡ, ದೇವರನ್ನು ನಂಬುವವನಲ್ಲದಿದ್ದರೂ. ಇಷ್ಟು ದೊಡ್ಡ ಬಂಡೆ, ಎಷ್ಟೋ ಸಾವಿರ ವರ್ಷದ ಗಾಳಿಮಳೆ, ಬೆರಳು ಹೋಗುವಷ್ಟು ಒಂದು ತೂತು ಕೊರೆಯಲು ಆಗಲಿಲ್ಲವೇ?

"ಸಿಗ್ತಿಲ್ಲ ಮಾಮ. ಎಷ್ಟು ಮೇಲಕ್ಕಿದೆ?"

ಅವನು ಬಾಯಿ ತೆರೆದ. ಇಲ್ಲ ಎನ್ನಬೇಕಿತ್ತು. ಇಲ್ಲ, ಯಾವತ್ತೂ ಇರಲಿಲ್ಲ, ಹುಡುಕಿ ಕೈ ಸೋಲಿಸಿಕೊಳ್ಳಬೇಡ. ಅಷ್ಟು ಅಂದಿದ್ದರೆ ಅವಳಿಗೆ ಒಂದು ನಿಮಿಷದ ಶಕ್ತಿಯಾದರೂ ಉಳಿಯುತ್ತಿತ್ತು.

"ನೆನಪಾಗ್ತಿಲ್ಲ" ಎಂದ.

ಆ ಕೈ ಇನ್ನೊಮ್ಮೆ ಉಬ್ಬನ್ನು ತಡವಿತು. ಆಮೇಲೆ ಒಂದು ಸಣ್ಣ ನಗು, ನಡುಗುವ ನಗು.

"ಹಕ್ಕಿಗೂಡೂ ಇಲ್ಲ."

ಅವಳ ಹೊರಗಿನ ಕಾಲು ನಡುಗಲು ತೊಡಗಿತು. ಮೊದಲು ಹಿಮ್ಮಡಿ, ಆಮೇಲೆ ಮೊಣಕಾಲು. ಆ ನಡುಕವನ್ನು ಥೀಲೋ ಬಲ್ಲ. ಓಡಿಹೋಗಿ ಹಿಂಬದಿಯಿಂದ ಹತ್ತಿ ಹಗ್ಗ ಬಿಡಬೇಕೆನಿಸಿತು. ಚೀಲದಲ್ಲಿ ಇನ್ನೊಂದು ಹಗ್ಗವಿತ್ತು, ತಂದದ್ದೇ ಅದಕ್ಕೆ ಎಂದು ಆಗ ಅವನಿಗೆ ಹೊಳೆಯಿತು. ಇವಳ ಹಗ್ಗ ಕಟ್ಟಲು ಪೈನ್ ಮರಕ್ಕಾಗಿ ತಿರುಗಿ ನೋಡಿದ. ಮರವಿರಲಿಲ್ಲ, ಬುಡ ಮಾತ್ರ ಇತ್ತು, ಅದರ ಮೇಲೆ ಅವನದೇ ಫ್ಲಾಸ್ಕು. ಇದ್ದರೂ ಈ ವಯಸ್ಸಿನ ಮೊಣಕಾಲು ಇಟ್ಟುಕೊಂಡು ಅವನು ನೆತ್ತಿ ಸೇರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಹಗ್ಗ ಹಿಡಿದು ನಿಂತ. ಹಿಡಿದರೂ ಉಪಯೋಗವಿಲ್ಲದ ಹಗ್ಗ. ಅವಳು ಬಿದ್ದರೆ ಯಾವ ಕಡೆ ಹಾರಿ ಎಷ್ಟು ಹಗ್ಗ ಎಳೆದುಕೊಳ್ಳಬಹುದು ಎಂದು ಹಿಂದಿನ ಇಳಿಜಾರು ನೋಡಿದ, ಎರಡು ಹೆಜ್ಜೆ ಹಿಂದೆ ಸರಿದ. ಉಸಿರು ಬಿಡು, ಎಲ್ಲ ಉಸಿರೂ ಬಿಡು, ಮೈ ತೆಳ್ಳಗಾಗುತ್ತೆ, ಎಂದು ಕೂಗಿದ. ಅದು ಅವತ್ತು ಫಾಲ್ಕ್ ನೆತ್ತಿಯ ಮೇಲೆ ಬೋರಲು ಮಲಗಿ ಇವನಿಗೆ ಹೇಳಿದ್ದು.

ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಮೈ ಒಂದು ಗೇಣು ಮೇಲೆ ಹೋಯಿತು. ನಿಂತಿತು. ಮತ್ತೆ ಒಂದು ಗೇಣು. ಸೊಂಟ ಉಬ್ಬಿನ ಮಟ್ಟಕ್ಕೆ ಬಂದಾಗ ಹೊರಗಿನ ಪಾದ ಜಾರಿತು, ಬೂಟಿನಡಿ ಕಲ್ಲಿಗೆ ಕೆರೆದ ಸದ್ದು, ಮರಳು ಸುರಿದು ಥೀಲೋನ ಕಣ್ಣು ತುಂಬಿತು. ಅವನು ಕಣ್ಣು ಉಜ್ಜಲಿಲ್ಲ, ಎರಡೂ ಕೈ ಹಗ್ಗದ ಮೇಲಿದ್ದವು. ಏನೂ ಕಾಣಿಸದೆ ನಿಂತಿದ್ದ. ಹಗ್ಗ ಸಡಿಲವಾಗಿ ಕೆಳಗೆ ಬರುತ್ತದೋ, ಮೇಲೆ ಹೋಗುತ್ತದೋ, ಅಷ್ಟನ್ನು ಬೆರಳು ಕೇಳುತ್ತಿತ್ತು. ಹೊಳೆಯಾಚೆ ಪ್ರಾಗ್‌ಗೆ ಹೋಗುವ ರೈಲು ಉದ್ದಕ್ಕೆ ಸದ್ದು ಮಾಡುತ್ತ ಹೋಯಿತು. ಹಗ್ಗ ಮೇಲೆ ಹೋಯಿತು. ಒಂದು ಗೇಣು, ಅರ್ಧ ಮಾರು, ಮತ್ತೆ ಒಂದು ಮಾರು ಸರಸರನೆ.

"ಬಂದೆ" ಎಂದು ಮೇಲಿನಿಂದ ಕೇಳಿಸಿತು, ತುಂಬ ಸಾಧಾರಣ ದನಿಯಲ್ಲಿ.

ಥೀಲೋ ಮರಳಿನ ಮೇಲೆ ಕುಸಿದು ಕೂತ. ಅವಳು ಹಗ್ಗ ಮೇಲಕ್ಕೆಳೆದುಕೊಂಡು, ಬಾ ಎನ್ನುವವರೆಗೆ ಏಳಲಿಲ್ಲ. ಈಗ ಅವನ ಸರದಿ, ಮೇಲಿನಿಂದ ಹಗ್ಗ, ಸುರಕ್ಷಿತ, ನಾಚಿಕೆಯಿಲ್ಲದ ಸರದಿ. ಎರಡನೆಯವನಾಗಿ ಹತ್ತುವವನಿಗೆ ಇದು ನ್ಯಾಯವೇ. ಅವಳ ಎರಡು ಗಂಟುಗಳನ್ನು ಬಿಡಿಸಿ ಹೆಗಲಿಗೆ ಹಾಕಿಕೊಂಡ. ಎರಡನೆಯದು ಎಷ್ಟು ಬಿಗಿಯಾಗಿ ಕೂತಿತ್ತೆಂದರೆ ಕಡ್ಡಿಯಲ್ಲಿ ಹತ್ತು ಸಲ ಚುಚ್ಚಬೇಕಾಯಿತು. ಅಗಲದ ಸೀಳಿನಲ್ಲಿ ಮೊಣಕೈ ಸುಲಿದು ರಕ್ತ ಬಂತು. ಉಬ್ಬಿನ ಕೆಳಗೆ, ಇಪ್ಪತ್ತನಾಲ್ಕು ವರ್ಷದ ಹಿಂದೆ ಕೆನ್ನೆಯಿಟ್ಟ ಜಾಗದಲ್ಲಿ ಕೆನ್ನೆಯಿಟ್ಟು, ಬಲಗೈ ಹೊರಗೆ ಹಾಕಿ ಎಡಕ್ಕೆ ತಡವಿದ. ಬೋಳು ಕಲ್ಲು. ಒರಟು, ಬೆಚ್ಚಗಿನ, ಇಡಿಯಾದ ಕಲ್ಲು, ಉಗುರು ಹೋಗುವಷ್ಟು ಸಂದಿಲ್ಲ. ಅವಳ ಕೈಬೆವರು ಇನ್ನೂ ಆರಿರಲಿಲ್ಲ. ಕಾಲು ಎತ್ತಲು ನೋಡಿದ, ಆಗಲಿಲ್ಲ. ಎಳೆ ಎಂದ. ಅವಳು ಎಳೆದಳು, ಅಪ್ಪನ ಹೆಗಲಿನಿಂದ ಎಳೆದಳು, ಅವನು ಮತ್ತೊಮ್ಮೆ ಮೂಟೆಯಾಗಿ ಮೇಲೆ ಬಂದ.

ಅವಳ ಎರಡೂ ಮುಂಗೈ ತರಚಿಹೋಗಿದ್ದವು, ಗಲ್ಲದಲ್ಲಿ ರಕ್ತದ ಗೆರೆ, ಮುಖದ ತುಂಬ ನಗು. ಕೈ ಕುಲುಕಿದಳು, ಆಮೇಲೆ ಕೈ ಬಿಟ್ಟು ತಬ್ಬಿಕೊಂಡಳು. ಅವಳ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು. ಮಾತು ನಿಲ್ಲಲಿಲ್ಲ. ತೂತು ಇದ್ದ ಜಾಗವೆಲ್ಲ ಸವೆದುಹೋಗಿದೆ, ಮರಳುಗಲ್ಲು ಅಲ್ಲವೇ, ಇಪ್ಪತ್ತನಾಲ್ಕು ಚಳಿಗಾಲವೆಂದರೆ ಸಾಮಾನ್ಯವೇ, ಪಾಪ ನೀನೇನು ಮಾಡುತ್ತೀಯ ಎಂದಳು. ನೆನಪಿಲ್ಲ ಎಂದಾಗ ಜೀವವೇ ಹೋದ ಹಾಗಾಯಿತು, ಇಳಿಯಲೂ ಆಗುವುದಿಲ್ಲ, ಒಂದು ಕ್ಷಣ ಕಣ್ಣು ಕತ್ತಲೆ ಬಂತು ಎಂದಳು.

"ಆಮೇಲೆ ಅಂದ್ಕೊಂಡೆ, ಮಾಮ ಇದೇ ಜಾಗ ದಾಟಿ ಹೋಗಿದಾನೆ. ಅವನ ಕೈಲಾಗಿದ್ದು ನನ್ನ ಕೈಲಾಗಲ್ವಾ? ಅಷ್ಟೇ ಮಾಮ. ಅದೊಂದೇ ಯೋಚನೆ ಹಿಡ್ಕೊಂಡು ಬಂದೆ."

ಥೀಲೋ ಅವಳ ಮುಖ ನೋಡಲಾರದೆ ತನ್ನ ಮೊಣಕೈ ನೋಡಿಕೊಂಡ. ತಗಡಿನ ಡಬ್ಬಿಯಿಂದ ಅವಳು ಪುಸ್ತಕ ತೆಗೆದು, ತೊಡೆಯ ಮೇಲಿಟ್ಟುಕೊಂಡು, ತಾರೀಕು, ಉತ್ತರದ ಸೀಳು, ಮುಂದಾಗಿ ಹತ್ತಿದವರ ಸಾಲಿನಲ್ಲಿ ತನ್ನ ಹೆಸರು, ಅದರ ಕೆಳಗೆ ಅವನ ಹೆಸರು ಬರೆದಳು. ಶರಾ ಬರೆಯುವ ಜಾಗದಲ್ಲಿ ನಾಲಗೆ ಕಚ್ಚಿಕೊಂಡು ಇನ್ನಷ್ಟು ಬರೆದಳು. ಮುಂದೆ ಬರುವವರು ಮೋಸಹೋಗಬಾರದಲ್ಲ ಎಂದು ಹೇಳಿ, ಸಹಿಗಾಗಿ ಪುಸ್ತಕವನ್ನೂ ಪೆನ್ಸಿಲನ್ನೂ ಅವನಿಗೆ ಕೊಟ್ಟು, ಇಳಿಯುವ ಹಗ್ಗವನ್ನು, ಇಳಿಯಲೆಂದೇ ಹಳಬರು ನೆತ್ತಿಯಲ್ಲಿ ಹೂತ ಒಂದೇ ಒಂದು ಕಬ್ಬಿಣದ ಬಳೆಗೆ ಪೋಣಿಸಲು ಎದ್ದಳು. ದುಂಡನೆಯ ಅಕ್ಷರ. ಉಬ್ಬಿನ ಎಡಗಡೆಯ ತೂತು ಈಗಿಲ್ಲ, ಸವೆದುಹೋಗಿದೆ. ತೊಂಬತ್ತೊಂದರಲ್ಲಿ ಥೀಲೋ ಅದನ್ನು ಬಳಸಿ ಹತ್ತಿದ್ದ.

ಸಹಿ ಹಾಕಿ ಮುಚ್ಚಿದರೆ ಆಯಿತು. ಕಲ್ಲೇ ಸಾಕ್ಷಿ ಹೇಳಿದ ಹಾಗೆ ಆಯಿತು, ಇನ್ನು ಯಾವ ಹಾರ್ಟ್‌ವಿಗ್ಗೂ ಬಂದು ಕೇಳುವ ಹಾಗಿಲ್ಲ. ನಿಜ ಬರೆದರೆ ಸತ್ತವನ ಮಾತು ಸುಳ್ಳಾಗುತ್ತದೆ. ನಾನು ನೋಡಿದೆ ಎಂದು ಎದ್ದು ನಿಂತವನು ಇವಳ ಅಪ್ಪ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು, ಅದು ಪೆನ್ಸಿಲು ಹಿಡಿದ ಮೇಲೆ ಹೊಳೆಯಿತು. ತಾನು ಆ ಸೀಳನ್ನು ಹತ್ತದಿದ್ದರೆ ಕೂಟದವನೇ ಅಲ್ಲ. ಕೂಟದವನಲ್ಲದವನ ಕಣ್ಣಿಗೆ ಬೆಲೆಯಿಲ್ಲ. ಇವತ್ತು ಅವಳು ಜೀವ ಕೈಯಲ್ಲಿ ಹಿಡಿದು ಹತ್ತಿದ್ದು ಲೆಕ್ಕಕ್ಕೆ ಬರುವುದಿಲ್ಲ, ಗುಬ್ಬಿ ಸಿಗುವುದಿಲ್ಲ. ಹಾಗಾದರೆ ಬರೆಯದಿರುವುದೇ ಅವಳಿಗೆ ಉಪಕಾರ. ಎಷ್ಟು ಚಂದಕ್ಕೆ ಒಂದರ ಹಿಂದೆ ಒಂದು ಕಾರಣ ಬಂದು ನಿಲ್ಲುತ್ತವೆ ಎಂದು ಥೀಲೋಗೆ ತನ್ನ ಮೇಲೇ ಹೇಸಿಗೆಯಾಯಿತು. ಇಪ್ಪತ್ತನಾಲ್ಕು ವರ್ಷವೂ ಹೀಗೇ ಬಂದು ನಿಂತಿದ್ದವು, ಎಲ್ಲವೂ ಬೇರೆಯವರ ಒಳ್ಳೆಯದಕ್ಕೆ. ಅವಳ ದುಂಡನೆಯ ಅಕ್ಷರಗಳನ್ನು ಮತ್ತೊಮ್ಮೆ ಓದಿದ. ತನ್ನ ಸುಳ್ಳು ಅವಳ ಕೈಯಲ್ಲಿ ನಿಜದ ಹಾಗೆ ಕೂತಿತ್ತು. ಪೆನ್ಸಿಲಿನ ಮೊನೆ ಮೊಂಡಾಗಿತ್ತು, ಒತ್ತಿ ಬರೆದ. ತೂತು ಯಾವತ್ತೂ ಇರಲಿಲ್ಲ. ತೊಂಬತ್ತೊಂದರಲ್ಲಿ ನಾನು ಹತ್ತಲಿಲ್ಲ, ಫಾಲ್ಕ್ ಮೇಲಿನಿಂದ ಹಗ್ಗ ಬಿಟ್ಟು ಎಳೆದುಕೊಂಡ. ಕೆಳಗೆ ಸಹಿ ಹಾಕಿದ, ಶೆಡ್ಡಿನಲ್ಲಿ ಹಾಕುವ ಪೂರ್ತಿ ಸಹಿ.

ಪುಸ್ತಕವನ್ನು ಅವಳ ಕೈಗೇ ಕೊಟ್ಟ. ಅವಳು ನಗುತ್ತಲೇ ತೆಗೆದುಕೊಂಡಳು, ಡಬ್ಬಿಗೆ ಹಾಕುವ ಮೊದಲು ಕಣ್ಣಾಡಿಸಿದಳು. ನಿಂತೇ ಓದಿದಳು. ಓದಿ ಮುಗಿದ ಮೇಲೂ ಪುಸ್ತಕದಿಂದ ತಲೆಯೆತ್ತಲಿಲ್ಲ. ಗಾಳಿಗೆ ಹಾಳೆ ಮಗುಚಿತು, ಅವಳು ಹೆಬ್ಬೆರಳಿನಿಂದ ಅದನ್ನು ಮತ್ತೆ ಹಿಂದಕ್ಕೆ ಸರಿಸಿದಳು.

"ಅಪ್ಪ ನೋಡಿದೆ ಅಂತ ಎದ್ದು ನಿಂತು ಹೇಳಿದ್ದ."

"ಹೇಳಿದ. ನನಗೋಸ್ಕರ."

ಅವಳು ಅಳುತ್ತಾಳೆ ಎಂದುಕೊಂಡ. ಬೈದರೆ ಚೆನ್ನಾಗಿತ್ತು, ಕೆನ್ನೆಗೆ ಹೊಡೆದಿದ್ದರೂ ಚೆನ್ನಾಗಿತ್ತು. ಅವಳು ಪುಸ್ತಕವನ್ನು ರಬ್ಬರ್ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಮುಚ್ಚಳ ಒತ್ತಿದಳು. ಗಲ್ಲದ ರಕ್ತ ಒರೆಸಿಕೊಂಡು, ಕೆಳಗೆ ಉಬ್ಬು ಇರುವ ಕಡೆಗೆ ಒಮ್ಮೆ ಬಗ್ಗಿ ನೋಡಿದಳು.

"ಹಾಗಾದ್ರೆ ಇವತ್ತು ನಾನು ಹತ್ತಿದ್ದನ್ನ ಯಾರು ನೋಡಿದ್ರು?"

ಥೀಲೋ ತನ್ನ ಕೈಯಲ್ಲೇ ಉಳಿದಿದ್ದ ಪೆನ್ಸಿಲನ್ನು ಡಬ್ಬಿಯ ಮೇಲಿಟ್ಟ.

ಇಳಿಯುವ ಹಗ್ಗಕ್ಕೆ ಅವನನ್ನು ತಗುಲಿಸಿದಳು. ಪದ್ಧತಿಯ ಪ್ರಕಾರ ಅವನ ಗಂಟನ್ನು ಎಳೆದು ನೋಡಿದಳು, ಸೇಬು ತಿನ್ನುತ್ತ ನೋಡಿದ ಹಾಗಲ್ಲ, ಬಗ್ಗಿ, ಎರಡೂ ಕೈಯಿಂದ, ಸರಿಯಾಗಿ. ಸರಿಯಿದೆ ಎಂದಳು. ಥೀಲೋ ಅವಳ ಗಂಟಿನ ಕಡೆಗೆ ಕೈ ಚಾಚಿದ. ಅವಳು ಹೊಳೆಯ ಕಡೆಗೆ ತಿರುಗಿ ನಿಂತಳು, ತನ್ನ ಗಂಟನ್ನು ತಾನೇ ಎಳೆದು ನೋಡಿಕೊಂಡಳು.